ದೊಡ್ಡವರಿಗೆ ಕರಡಿ, ಆನೆ ಹೊಲಿದ ವರ್ಷಗಳು

ಹುಲಿಗೆ ಕೂರಲು ಬರುವುದಿಲ್ಲ ಎಂದು ನಮಗೆ ತಿಳಿದದ್ದು ಹುಲಿಯನ್ನು ಪೂರ್ತಿ ಹೊಲಿದು ಮುಗಿಸಿದ ಮೇಲೆ.

ಶಿರಸಿಯ ನಮ್ಮ ಹೊಲಿಗೆ ಘಟಕದಲ್ಲಿ ತಯಾರಾದ ಮೊದಲ ಪ್ರಾಣಿ ಪೈಜಾಮ ಅದು. ಕುತ್ತಿಗೆಯಿಂದ ಪಾದದವರೆಗೆ ಒಂದೇ ಉಡುಪು. ಹಳದಿ ಬಟ್ಟೆಗೆ ಕಪ್ಪು ಪಟ್ಟೆ, ಮುಂದೆ ಉದ್ದನೆಯ ಜಿಪ್, ತಲೆಗೆ ಕಿವಿಗಳಿದ್ದ ಟೊಪ್ಪಿಗೆ, ಹಿಂದೆ ಹತ್ತಿ ತುಂಬಿದ ದಪ್ಪ ಬಾಲ. ಮಕ್ಕಳಿಗಲ್ಲ, ದೊಡ್ಡವರಿಗೆ. ಮಲಗುವಾಗಲೋ, ರಜೆಯ ದಿನ ಮನೆಯಲ್ಲಿ ಸುಮ್ಮನೆ ಕೂತಿರುವಾಗಲೋ ಹಾಕಿಕೊಳ್ಳಲು. ಗೋಡೆಯ ಮೊಳೆಗೆ ತೂಗುಹಾಕಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಹಾಕಿ ನೋಡುವವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ತಂತಮ್ಮ ಮಿಷನ್ನಿಗೆ ಹೋಗಿ ಕೂತರು.

ಆಗ ಸಿಕ್ಕಿದವರು ಬಸಪ್ಪ. ಕಿರವತ್ತಿಯವರು, ಹುಬ್ಬಳ್ಳಿಯಿಂದ ನಮಗೆ ಬಟ್ಟೆಯ ಗಂಟು ತರುತ್ತಿದ್ದ ಟೆಂಪೋ ಚಾಲಕರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಅದಕ್ಕೆ ತಕ್ಕ ಅಗಲ. ಹೇಳಿದ್ದೇ ತಡ, ಅಂಗಿಯ ಮೇಲೆಯೇ ಹುಲಿಯನ್ನು ಏರಿಸಿಕೊಂಡು ಘಟಕದ ಉದ್ದಕ್ಕೂ ಗತ್ತಿನಿಂದ ನಡೆದರು. ಆಮೇಲೆ ಕುರ್ಚಿಯಲ್ಲಿ ಕೂತವರು ಚಂಗನೆ ಎದ್ದರು.

"ಅಕ್ಕಾರ, ಹುಲಿ ಭಾಳ ಚಲೋ ಆಗೇತ್ರಿ," ಎಂದರು ಹಿಂಭಾಗ ಸವರಿಕೊಳ್ಳುತ್ತ. "ಆದ್ರ ಇದು ಕುಂದ್ರೂ ಹುಲಿ ಅಲ್ಲ ನೋಡ್ರಿ, ಬರೇ ಅಡ್ಡಾಡೂ ಹುಲಿ."

ಬಾಲವನ್ನು ನಾವು ಸರಿಯಾಗಿ ಕೂರುವ ಜಾಗಕ್ಕೇ ಹೊಲಿದಿದ್ದೆವು. ಪ್ರಾಣಿಯ ಬಾಲ ಅಲ್ಲಿಯೇ ಇರುವುದಲ್ಲವೇ? ಮನುಷ್ಯ ಅದರ ಮೇಲೆ ಕೂರುತ್ತಾನೆ ಎಂಬುದು ನಮ್ಮ ತಲೆಗೆ ಹೋಗಿರಲಿಲ್ಲ.

ನನ್ನ ಹೆಸರು ಹಸೀನಾ. ಹುಟ್ಟಿ ಬೆಳೆದದ್ದು, ಮದುವೆಯಾದದ್ದು ಎಲ್ಲ ಶಿರಸಿ ಪೇಟೆಯಲ್ಲೇ. ಲಂಗ, ನೈಟಿ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವಳು ವಯಸ್ಸಾಗುತ್ತ ಬಂದಾಗ ಈ ಪ್ರಾಣಿಗಳ ಲೋಕಕ್ಕೆ ಬಿದ್ದೆ. ಬಟ್ಟೆ ಕತ್ತರಿಸುವುದು, ಅಳತೆಯ ಮಾದರಿ ತೆಗೆಯುವುದು, ಹೊಸ ವಿನ್ಯಾಸ ಮಾಡುವುದು ನನ್ನ ಕೆಲಸವಾಗಿತ್ತು. ಕಳೆದ ವರ್ಷ ನಿವೃತ್ತಳಾದೆ. ಈಗ ಘಟಕಕ್ಕೆ ಬರುತ್ತಿರುವ ಹುಡುಗಿಯರು ಕಾಲೇಜಿನಲ್ಲಿ ಉಡುಪು ವಿನ್ಯಾಸ ಓದಿದವರು. ಅವರಲ್ಲಿ ಕೆಲವರು ಮೊನ್ನೆ ಮನೆಗೆ ಬಂದಿದ್ದರು. "ಅಕ್ಕಾ, ಇದು ಒಂದು ರೀತಿ ತಮಾಷೆ ಬಟ್ಟೆ ಅಲ್ದ? ಇದರಲ್ಲಿ ಕಷ್ಟ ಎಂತ ಇರ್ತದೆ?" ಎಂದು ಕೇಳಿದರು. ಚಹಾ ಆರುವ ಮೊದಲು ಹೇಳಿ ಮುಗಿಯುವ ಮಾತಾಗಿರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಘಟಕ ನಡೆಸುತ್ತಿದ್ದವರು ಸುಮಂಗಲಾ. ನನಗಿಂತ ಕಿರಿಯರು, ಆದರೆ ಮಾಲಕಿ, ಹಾಗಾಗಿ ನಾನು ಸುಮಂಗಲಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಹಸೀನಕ್ಕ ಎನ್ನುತ್ತಿದ್ದರು. ಚೆನ್ನಾಗಿದೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ತುಂಬ ಮೆಚ್ಚುಗೆಯಾದರೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಹೊಲಿಗೆ ಎಳೆದು ನೋಡಿ, "ಅಡ್ಡಿಲ್ಲೆ," ಎನ್ನುವರು. ಅಷ್ಟು ಕೇಳಿದ ದಿನ ನಮಗೆ ಹಬ್ಬ. ನೈಟಿಗಳಿಗೆ ಬೇಡಿಕೆ ಇಳಿಯುತ್ತಿದ್ದಾಗ, ಪಟ್ಟಣದ ಒಂದು ಆನ್‌ಲೈನ್ ಮಾರಾಟದ ಕಂಪನಿಯಿಂದ ಈ ಪೈಜಾಮಗಳ ಆರ್ಡರ್ ಹಿಡಿದು ತಂದವರು ಅವರೇ. "ದೊಡ್ಡವರು ಇದನ್ನ ಹಾಕ್ಕಳ್ತ್ರಾ?" ಎಂದು ನಾವೆಲ್ಲ ನಕ್ಕಿದ್ದೆವು. "ಹಾಕ್ಕಳ್ತ್ರೋ ಬಿಡ್ತ್ರೋ, ಹಾಕ್ಕಂಡವರು ತೆಗೀಲಾಗ. ಹಾಂಗೆ ಹೊಲೀರಿ," ಎಂದು ಅವರು ಮಾತು ಮುಗಿಸಿದ್ದರು.

ಹುಲಿಯ ಬಾಲವನ್ನು ಬಿಚ್ಚಿ ಸೊಂಟದ ಮಟ್ಟಕ್ಕೆ ಏರಿಸಿದೆವು, ಒಳಗಿನ ಹತ್ತಿ ತೆಗೆದು ಚಪ್ಪಟೆ ಮಾಡಿದೆವು. ಬಸಪ್ಪ ಮತ್ತೆ ಕೂತು, ಕಾಲ ಮೇಲೆ ಕಾಲು ಹಾಕಿ, "ಈಗ ಹುಲಿ ರಿಟೈರ್ ಆತ್ರಿ, ಆರಾಮ ಐತಿ," ಎಂದರು.

ಎರಡನೆಯ ಪಾಠ ನನ್ನ ಮನೆಯಲ್ಲೇ ಆಯಿತು. ಮೊಲದ ಪೈಜಾಮ ತಯಾರಾದಾಗ, ಒಂದು ಭಾನುವಾರ ಪೂರ್ತಿ ಅದನ್ನೇ ಹಾಕಿಕೊಂಡು ಮನೆಗೆಲಸ ಮಾಡಿ ನೋಡಬೇಕು ಎಂದು ನಿಶ್ಚಯಿಸಿದೆ. ಬೆಳಿಗ್ಗೆ ಅಡುಗೆಮನೆಗೆ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತರು.

"ಎಂತ ಇದು?"

"ಮೊಲ."

"ಇವತ್ತು ಚಹಾ ಮೊಲವೇ ಮಾಡೂದಾ?"

"ಹೌದು. ಕುಡೀತ್ರೋ ಇಲ್ವೋ?"

ಅವರು ಕುಡಿದರು, ಹೊರಗಿನ ಬಾಗಿಲಿಗೆ ಚಿಲಕ ಹಾಕಿ ಬಂದು ಕುಡಿದರು. ಆ ದಿನ ನನಗೆ ತಿಳಿದ ಸಂಗತಿಗಳು ಯಾವ ಕಾಲೇಜಿನ ಪುಸ್ತಕದಲ್ಲೂ ಇರಲಾರವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಬಟ್ಟೆ ಭುಜದಿಂದ ಕೆಳಗೆ ಜಗ್ಗುತ್ತದೆ. ಟೊಪ್ಪಿಗೆ ಹಿಂದಕ್ಕೆ ಬಿಟ್ಟರೆ ಅದರ ಭಾರಕ್ಕೆ ಜಿಪ್ ಗಂಟಲು ಒತ್ತುತ್ತದೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಬಚ್ಚಲಿನದು. ಒಂದೇ ಉಡುಪು ಆದ್ದರಿಂದ ಪೂರ್ತಿ ಕಳಚಬೇಕು, ಕಳಚಿದ ತೋಳುಗಳು ಒದ್ದೆ ನೆಲಕ್ಕೆ ಬೀಳುತ್ತವೆ, ಮತ್ತೆ ಆ ಒದ್ದೆ ತೋಳಿನೊಳಗೇ ಕೈ ತೂರಿಸಬೇಕು. ಸಂಜೆಯ ಹೊತ್ತಿಗೆ ನಾನು ನೀರು ಕುಡಿಯುವುದನ್ನೇ ಬಿಟ್ಟಿದ್ದೆ.

ಸೋಮವಾರ ಸುಮಂಗಲಕ್ಕನಿಗೆ ಹೇಳಿದೆ. ಮೊದಲು ನಕ್ಕರು, ಆಮೇಲೆ ಗಂಭೀರವಾದರು. ಹಿಂದೆ ಗುಂಡಿಯಿಂದ ಬಿಚ್ಚುವ ಬಾಗಿಲಿನಂಥದ್ದು ಮಾಡಿ ನೋಡಿದೆವು, ಕೂತಾಗ ಗುಂಡಿ ಚುಚ್ಚಿತು. ಕೊನೆಗೆ ಉಡುಪನ್ನು ಸೊಂಟದಲ್ಲಿ ಎರಡು ಭಾಗ ಮಾಡಿ, ಹಿಂದಿನ ಅರ್ಧವನ್ನು ಮಾತ್ರ ಬಿಚ್ಚುವಂತೆ ಬದಿಗಳಲ್ಲಿ ಗುಂಡಿ ಇಟ್ಟು, ಮೇಲಿನ ಬಟ್ಟೆ ಅದನ್ನು ಮುಚ್ಚುವಂತೆ ಇಳಿಬಿಟ್ಟೆ. ನೋಡುವವರಿಗೆ ಒಂದೇ ಉಡುಪು, ಹಾಕಿದವರಿಗೆ ಎರಡು. ಬೆನ್ನಿನ ಉದ್ದವನ್ನೂ ನಾಲ್ಕು ಬೆರಳು ಹೆಚ್ಚಿಸಿದೆ. ನಿಂತಾಗ ಸ್ವಲ್ಪ ಜೋಲುತ್ತದೆ, ಕೂತಾಗ ಸರಿಯಾಗುತ್ತದೆ. ಮಲಗುವ ಬಟ್ಟೆಯನ್ನು ನಿಂತ ಮನುಷ್ಯನ ಅಳತೆಗೆ ಹೊಲಿಯಬಾರದು ಎಂಬುದು ಹೀಗೆ ಗೊತ್ತಾಯಿತು. ಸುಮಂಗಲಕ್ಕ ಅದನ್ನು ಮನೆಗೆ ಒಯ್ದು, ಮಾರನೆಯ ದಿನ ತಂದು ಮೇಜಿನ ಮೇಲಿಟ್ಟು, "ಅಡ್ಡಿಲ್ಲೆ," ಎಂದರು.

ಕಂಪ್ಯೂಟರ್ ಬಂದ ಕಥೆಯನ್ನೂ ಹೇಳಬೇಕು. ಅಲ್ಲಿಯವರೆಗೆ ನಮ್ಮ ಮಾದರಿಗಳೆಲ್ಲ ದಪ್ಪ ಕಾಗದದವು. ಮಳೆಗಾಲದ ತೇವಕ್ಕೆ ಕಾಗದ ಉಬ್ಬಿ, ಜೂನ್‌ನಲ್ಲಿ ತೆಗೆದ ಬೆಕ್ಕಿಗೂ ಡಿಸೆಂಬರ್‌ನಲ್ಲಿ ತೆಗೆದ ಬೆಕ್ಕಿಗೂ ತೋಳಿನಲ್ಲಿ ವ್ಯತ್ಯಾಸ ಬರುತ್ತಿತ್ತು. ಕಂಪ್ಯೂಟರ್‌ನಲ್ಲಿ ಒಂದು ಮಾದರಿ ಮಾಡಿದರೆ ಉಳಿದ ಅಳತೆಗಳು ತಾವಾಗಿ ಬರುತ್ತವೆ ಎಂದಾಗ ನನಗೆ ಕೈ ಕತ್ತರಿಸಿದಂತಾಗಿತ್ತು, ಇನ್ನು ನಾನೇಕೆ ಎಂದು. ಮೊದಲ ಸಲ ಅದು ಕೊಟ್ಟ ಅತಿ ದೊಡ್ಡ ಅಳತೆಯ ಬೆಕ್ಕನ್ನು ಬಸಪ್ಪನವರಿಗೆ ತೊಡಿಸಿದೆವು. ಹೊಟ್ಟೆಯ ಜೊತೆಗೆ ತೋಳು, ಕಾಲು, ಕಿವಿ ಎಲ್ಲವೂ ಬೆಳೆದಿದ್ದವು. ತೋಳು ಮೊಣಕಾಲಿಗೆ ಬರುತ್ತಿತ್ತು, ಕಿವಿ ಕತ್ತೆಯದು. ದಪ್ಪಗಿರುವವರು ಉದ್ದಕ್ಕೂ ಅಷ್ಟೇ ಬೆಳೆದಿರುತ್ತಾರೆ ಎಂದು ನಾವೇ ಅದಕ್ಕೆ ತಪ್ಪು ಲೆಕ್ಕ ಕೊಟ್ಟಿದ್ದೆವು. ಸರಿಮಾಡಿದ ಮೇಲೆ ಯಂತ್ರ ನಿಜಕ್ಕೂ ಉಪಕಾರಿಯಾಯಿತು. ಕಾಗದ ಕತ್ತರಿಸಿ ಕತ್ತರಿಸಿ ನೋಯುತ್ತಿದ್ದ ನನ್ನ ಮಣಿಕಟ್ಟು ಆ ವರ್ಷದಿಂದ ಸುಮ್ಮನಾಯಿತು. ಕಂಪ್ಯೂಟರಿಗೆ ಹೆದರಿದವಳು ಆಮೇಲೆ ಅದು ಕೆಟ್ಟರೆ ಹೆದರುತ್ತಿದ್ದೆ.

ಇನ್ನು ಕರಡಿ.

ಕಂಪನಿಯವರಿಗೆ ಪ್ರಾಣಿ ನಿಜದಂತೆಯೇ ಕಾಣಬೇಕು ಎಂಬ ಹಂಬಲ ಹುಟ್ಟಿತ್ತು. ಉದ್ದ ಕೂದಲಿನ ಕಪ್ಪು ಬಟ್ಟೆ ಕಳಿಸಿಕೊಟ್ಟರು. ಎದೆಯ ಮೇಲೆ ಬಿಳಿಯ ಕಮಾನು, ಟೊಪ್ಪಿಗೆಗೆ ಮುಂದೆ ಚಾಚಿದ ಮೂತಿ, ಕೈಗೆ ಉಗುರು. ನಾವೂ ಉತ್ಸಾಹದಿಂದ ಹೊಲಿದೆವು. ಸುಳ್ಳೇಕೆ, ನನಗೂ ಅದರ ಬಗ್ಗೆ ಹೆಮ್ಮೆಯಿತ್ತು. ಒಳಗಡೆ ಮೆತ್ತನೆಯ ಹತ್ತಿ ಬಟ್ಟೆಯ ಅಸ್ತರು ಕೊಟ್ಟಿದ್ದರಿಂದ ಮೈಗೆ ಚುಚ್ಚುತ್ತಲೂ ಇರಲಿಲ್ಲ. ಅದು ಬೇರೆಲ್ಲ ಪ್ರಾಣಿಗಳಿಗಿಂತ ಹೆಚ್ಚು ಮಾರಾಟವಾಯಿತು. ಘಟಕದಲ್ಲಿ ಹೊಸ ಮಿಷನ್‌ಗಳು ಬಂದದ್ದು ಕರಡಿಯಿಂದ.

ಒಂದು ದಿನ ಮಧ್ಯಾಹ್ನ ಇಬ್ಬರು ಗಂಡಸರು ನಮ್ಮ ಬಾಗಿಲಿಗೆ ಬಂದರು. ಒಬ್ಬರು ಹುಬ್ಬಳ್ಳಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡಿದ್ದ ಶಿವಾನಂದ, ಐವತ್ತು ದಾಟಿದವರು. ಇನ್ನೊಬ್ಬರು ಯಲ್ಲಾಪುರದ ಕಡೆ ಮಾಗೋಡಿನ ಹತ್ತಿರ ಗದ್ದೆ ಮಾಡುವ ನಾರಾಯಣ. ನಾರಾಯಣರ ಕೈಯಲ್ಲಿದ್ದ ಚೀಲದಿಂದ ಕಪ್ಪು ಕೂದಲು ಇಣುಕುತ್ತಿತ್ತು. ಹರಿದುಹೋದದ್ದನ್ನು ವಾಪಸ್ ತಂದಿದ್ದಾರೆ ಎಂದುಕೊಂಡೆ.

"ಇದನ್ನ ಹೊಲ್ದವರು ಯಾರು?" ಎಂದು ನಾರಾಯಣ ಕೇಳಿದರು.

"ನಾನೇ ಕತ್ತರಿಸಿದ್ದು. ಎಂತ ಆಯ್ತು?"

ಅವರು ಚೀಲವನ್ನು ನೆಲಕ್ಕಿಟ್ಟು, ಬೆಂಚಿನ ಮೇಲೆ ಕೂತರು. ಹೇಳಿದವರು ಶಿವಾನಂದ.

ಅವರು ಗೆಳೆಯರೊಡನೆ ಮಾಗೋಡು ಜಲಪಾತ ನೋಡಲು ಬಂದು ಅಲ್ಲೇ ಒಂದು ತಂಗುಮನೆಯಲ್ಲಿ ಉಳಿದಿದ್ದರಂತೆ. ಬೆಳಿಗ್ಗೆ ಬೇಗ ಎಚ್ಚರವಾಗಿ, ಚಳಿಯೆಂದು ಕರಡಿಯ ಪೈಜಾಮದಲ್ಲೇ, ಟೊಪ್ಪಿಗೆ ಎಳೆದುಕೊಂಡು ಸುತ್ತಾಡಲು ಹೊರಟರು. ಮಂಜು ಕವಿದಿತ್ತು. ಗದ್ದೆಯ ಅಂಚಿನಲ್ಲಿ ಕನ್ನಡಕ ಕೆಳಗೆ ಬಿತ್ತು. ಮಂಡಿಯೂರಿ, ಎರಡೂ ಕೈಯಿಂದ ಹುಲ್ಲು ಕೆದಕುತ್ತ ಹುಡುಕತೊಡಗಿದರು.

ಅದೇ ಹೊತ್ತಿಗೆ ನಾರಾಯಣ ಹಂದಿ ಬಂದಿದೆಯೇ ನೋಡಲು ಗದ್ದೆಗೆ ಬಂದಿದ್ದರು. ಬೆಳೆ ಕಾಯಲು ಪರವಾನಗಿ ಇದ್ದ ಕೋವಿ ಕೈಯಲ್ಲಿತ್ತು. ಅವರ ತಮ್ಮನನ್ನು ಹಿಂದೊಮ್ಮೆ ಕರಡಿ ಮುಖ ಹರಿಯುವಂತೆ ಪರಚಿ, ಅವನ ಒಂದು ಕಣ್ಣು ಹೋಗಿತ್ತು.

"ಗಾಳಿಗೆ ಹಾರಿಸಿ ಓಡಿಸುವ ಹೇಳಿ ಎತ್ತಿದ್ದು, ಅಕ್ಕಾ," ಎಂದರು ನಾರಾಯಣ, ಈಗ ಬಾಯಿ ಬಿಟ್ಟು. "ಆದ್ರೆ ತಮ್ಮನ ಮುಖ ನೆನಪಾಯ್ತು. ಕೋವಿ ಮೇಲೆ ಹೋಗ್ಲೇ ಇಲ್ಲ. ಸೀದಾ ಅದರ ಬೆನ್ನಿಗೇ ಹೋಯ್ತು. ಬೆರಳು ಕೋವಿಯ ಕುದುರೆ ಮೇಲೇ ಇತ್ತು, ಒತ್ತೂದೊಂದೇ ಬಾಕಿ."

"ಆಮೇಲೆ?" ಎಂದೆ. ಘಟಕದ ಮಿಷನ್‌ಗಳೆಲ್ಲ ನಿಂತುಹೋಗಿದ್ದವು.

"ಕನ್ನಡಕ ಸಿಕ್ತ್ರಿ," ಎಂದರು ಶಿವಾನಂದ. "ಏಳಾಕ ಹೋದೆ, ಸೊಂಟ ಹಿಡೀತು. ನಂದು ಹಳೇ ಸೊಂಟನೋವು. ಅಯ್ಯಯ್ಯಪ್ಪಾ ಸತ್ತೆ, ಅಂತ ಜೋರಾಗಿ ಒದರಿದೆ."

ಕರಡಿಯ ಬಾಯಿಂದ ಕನ್ನಡ ಬಂದದ್ದು ಕೇಳಿ ನಾರಾಯಣ ಕೋವಿಯನ್ನು ಹುಲ್ಲಿನ ಮೇಲೆ ಎಸೆದು, ಅಲ್ಲಿಯೇ ಕೆಸರಿನಲ್ಲಿ ಕೂತುಬಿಟ್ಟರಂತೆ. ಶಿವಾನಂದರೇ ಸೊಂಟ ಹಿಡಿದುಕೊಂಡು ಹೋಗಿ ಅವರನ್ನು ಎಬ್ಬಿಸಿ, ಅವರ ಮನೆಗೇ ಕರೆದೊಯ್ದರು. ಇಬ್ಬರೂ ಒಂದೇ ಜಗುಲಿಯಲ್ಲಿ ಕೂತು ಗಂಜಿ ಕುಡಿದರು. ಆಮೇಲೆ ಪೈಜಾಮದ ಒಳಗಿನ ಚೀಟಿಯಲ್ಲಿ ನಮ್ಮ ವಿಳಾಸ ನೋಡಿ, ಚೀಲ ಹಿಡಿದು ಬಸ್ಸು ಹತ್ತಿದರು.

"ಸಿಟ್ಟು ಮಾಡೂಕೆ ಬಂದದ್ದಲ್ಲ," ಎಂದರು ನಾರಾಯಣ. "ನನ್ನ ಕೈಯಲ್ಲಿ ಒಂದು ಜೀವ ಹೋಗ್ತಿತ್ತು. ನಮ್ಮ ಕಡೆ ಇನ್ನೆಷ್ಟು ಜನ ಕೋವಿ ಹಿಡ್ಕಂಡು ಗದ್ದೆಗೆ ಬರ್ತ್ರು. ಕೈ ಮುಗೀತೆ, ಇದನ್ನ ಈ ಬಣ್ಣದಲ್ಲಿ ಮಾಡಬೇಡಿ."

ಒಳಗಿನ ಕೋಣೆಯಿಂದ ಬಂದು ನಿಂತಿದ್ದ ಸುಮಂಗಲಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಮ್ಮ ಮೇಜಿನ ಮೇಲೆ ಅಂದು ಕತ್ತರಿಸಲು ಹಾಸಿದ್ದ ಕಪ್ಪು ಬಟ್ಟೆ ಪದರು ಪದರಾಗಿ ಬಿದ್ದಿತ್ತು. ಅವರು ಅದರ ಒಂದು ತುದಿ ಹಿಡಿದು ಸುತ್ತತೊಡಗಿದರು. ನಾನು ಇನ್ನೊಂದು ತುದಿ ಹಿಡಿದೆ. ಶಿವಾನಂದ, "ನಮ್ಮ ಸೊಂಟಕ್ಕ ಒಂದು ಹಾರ ಹಾಕ್ಬೇಕ್ರಿ," ಎಂದಾಗ ನಾರಾಯಣ ಮೊದಲ ಸಲ ನಕ್ಕರು. ಆ ನಗುವಿನಿಂದ ನಮಗೂ ಉಸಿರು ಬಂತು.

ಕಂಪನಿಯವರು ಒಪ್ಪಲಿಲ್ಲ. ಮಾರಾಟವಾಗುವುದೇ ಅದು, ಎಲ್ಲೋ ಕಾಡಿನ ಪಕ್ಕದ ಒಂದು ಘಟನೆಗೆ ಹೆದರಿ ನಿಲ್ಲಿಸುವುದೇ ಎಂದು ಅವರ ಅಧಿಕಾರಿ ಫೋನಿನಲ್ಲಿ ವಾದಿಸಿದರು. ಸುಮಂಗಲಕ್ಕ ಮತ್ತೆ ಮತ್ತೆ ಅದೇ ಉತ್ತರ ಕೊಟ್ಟರು: "ನಮ್ಮ ಕೈಯಿಂದ ಆಗೋದಿಲ್ಲ." ಆರ್ಡರ್ ಹೋಯಿತು. ಮಿಷನ್‌ಗಳ ಒಂದು ಸಾಲಿಗೆ ಬಟ್ಟೆ ಹೊದಿಸಿದೆವು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಎಲ್ಲರಲ್ಲೂ ಇತ್ತು, ಆದರೂ ನಿಲ್ಲಿಸಿದ್ದು ತಪ್ಪು ಎಂದವರು ಒಬ್ಬರೂ ಇಲ್ಲ. ನನಗಂತೂ ಆ ದಿನಗಳಲ್ಲಿ ಒಳ್ಳೆಯ ನಿದ್ರೆ ಬರುತ್ತಿತ್ತು. ಕರಡಿಯನ್ನು ಕೆಂಪು-ಬಿಳಿ ಚೌಕಳಿ ಬಟ್ಟೆಯಲ್ಲಿ, ಮೂತಿಯಿಲ್ಲದೆ, ದುಂಡು ಕಿವಿಯಿಟ್ಟು ಹೊಸದಾಗಿ ಮಾಡಿದೆ. ಅದನ್ನು ಶಿರಸಿ, ಯಲ್ಲಾಪುರದ ಅಂಗಡಿಗಳಲ್ಲಿ ಇಟ್ಟೆವು. ಅಷ್ಟಿಷ್ಟು ಹೋಗುತ್ತಿತ್ತು.

ಆ ಚೌಕಳಿ ಕರಡಿಯನ್ನು ಅಂಗಡಿಯಲ್ಲಿ ನೋಡಿ ಸಿದ್ದಾಪುರದ ವೀಣಾ ಎಂಬವರು ನನಗೆ ಫೋನ್ ಮಾಡಿದರು.

"ಕೈ ಎತ್ತದೇ ಹಾಕ್ಕಳೂ ಹಾಂಗೆ ಒಂದು ಮಾಡ್ಲಿಕ್ಕೆ ಆಗ್ತದಾ?"

ಅವರ ಅಕ್ಕ ಲಲಿತಾ ಪ್ರಾಥಮಿಕ ಶಾಲೆಯ ಶಿಕ್ಷಕಿ, ಊರಿಗೆಲ್ಲ ಲಲಿತಕ್ಕೋರು. ಎದೆಯಲ್ಲಿ ಗಂಟು ಕಾಣಿಸಿ, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಬಲ ಸ್ತನವನ್ನು ತೆಗೆದಿದ್ದರು. ಗಾಯದ ನೀರು ಇಳಿಯಲು ಕೊಳವೆ ಹಾಕಿ, ಅದರ ತುದಿಗೆ ಪುಟ್ಟ ಬಾಟಲಿ ಇಟ್ಟು ಮನೆಗೆ ಕಳಿಸಿದ್ದರು. ಮುಂದೆ ತೆರೆಯುವ ನೈಟಿಗಳಿದ್ದವು. ಆದರೆ ಬಾಟಲಿ ಹೊರಗೆ ಕಾಣುತ್ತದೆ, ಒಂದು ಕಡೆ ತಗ್ಗು ಕಾಣುತ್ತದೆ ಎಂದು ಲಲಿತಕ್ಕೋರು ಹೊದಿಕೆ ಎಳೆದುಕೊಂಡು ಮಲಗಿದವರು ಏಳುತ್ತಲೇ ಇರಲಿಲ್ಲ. "ಶಾಲೆಯಲ್ಲಿ ಪ್ರಾಣಿಗಳ ಕೂಗು ಕೂಗಿ ಮಕ್ಕಳನ್ನ ನಗಿಸ್ತಿದ್ದವಳು," ಎಂದರು ವೀಣಾ. "ಅದ್ಕೇ ನಂಗೆ ಈ ಕರಡಿ ನೋಡಿ ಹೀಂಗೆ ಅನಿಸ್ತು."

ನಾನು ಟೇಪು ಹಿಡಿದು ಸಿದ್ದಾಪುರಕ್ಕೆ ಹೋದೆ. ಲಲಿತಕ್ಕೋರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಅಕ್ಕಾ, ಹಸೀನಕ್ಕ ಬೈಂದ್ರು," ಎಂದು ನಾನು ಬಂದಿರುವುದನ್ನು ವೀಣಾ ಮನೆಮಾತಿನಲ್ಲಿ ಹೇಳಿದರು.

"ನಂಗೆಂತೂ ಬ್ಯಾಡ," ಎಂದು ಗೋಡೆಗೇ ಉತ್ತರ. ಆಮೇಲೆ ನನಗೆ, "ಅಳತೆ ಗಿಳತೆ ತೆಗೀಬೇಡಿ. ನನ್ನ ಅಳತೆ ಈಗ ನಂಗೇ ಗೊತ್ತಿಲ್ಲ."

ನಾನು ಒತ್ತಾಯ ಮಾಡಲಿಲ್ಲ. ಅವರ ಹಳೆಯ ನೈಟಿಯೊಂದನ್ನು ತರಿಸಿ ಅದರಿಂದಲೇ ಅಳತೆ ಬರೆದುಕೊಂಡೆ. ಹೊರಡಲು ಎದ್ದಾಗ ಹಿಂದಿನಿಂದ ದನಿ ಬಂತು.

"ಯಾವ ಪ್ರಾಣಿ ಮಾಡ್ತ್ರಿ?"

"ನೀವು ಹೇಳಿದ್ದು, ಅಕ್ಕೋರೆ."

ಗೋಡೆಯಿಂದ ಸ್ವಲ್ಪ ಇತ್ತ ತಿರುಗಿದರು. "ಆನೆ," ಎಂದರು. "ಆನೆ ಮೈ ನೋಡಿ ಅಲ್ಲಿ ಉಬ್ಬಿದೆ, ಇಲ್ಲಿ ತಗ್ಗಿದೆ ಅಂತ ಯಾರೂ ಹೇಳೂದಿಲ್ಲ."

ಬಸ್ಸಿನಲ್ಲಿ ಶಿರಸಿಗೆ ಬರುವಾಗ ಇಡೀ ದಾರಿ ನಾನು ಆ ಆನೆಯನ್ನೇ ಮನಸ್ಸಿನಲ್ಲಿ ಕತ್ತರಿಸುತ್ತಿದ್ದೆ. ಕುತ್ತಿಗೆಯಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗೆ ತೋಳು ಪೂರ್ತಿ ತೆರೆಯಬೇಕು. ಕೈಯನ್ನು ತೂರಿಸುವುದಲ್ಲ, ತೆರೆದ ತೋಳಿನಲ್ಲಿ ಕೈ ಮಲಗಿಸಿ ಮೇಲಿಂದ ಮುಚ್ಚುವುದು. ಒತ್ತುಗುಂಡಿಗಳಾದರೆ ಒಂದೇ ಕೈಯಲ್ಲಿ ಹಾಕಬಹುದು. ಒಳಬದಿಗೆ ಬಾಟಲಿ ಕೂರುವಷ್ಟು ಚೀಲ. ಆನೆಯ ಕಿವಿಯನ್ನು ಟೊಪ್ಪಿಗೆಯಿಂದ ಅಗಲವಾಗಿ ಇಳಿಬಿಟ್ಟರೆ ಎರಡೂ ಕಡೆ ಎದೆಯ ಮೇಲೆ ಬಂದು ಬೀಳುತ್ತವೆ. ಆಗ ಯಾವ ಕಡೆ ಏನಿದೆ ಎಂದು ಯಾರಿಗೂ ಕಾಣದು.

ಮೊದಲು ಕಳಿಸಿದ ಆನೆ ವಾಪಸ್ ಬಂತು. ಕಂಕುಳಿನ ಹೊಲಿಗೆ ಗಾಯದ ಅಂಚಿಗೆ ತಾಗುತ್ತಿತ್ತು. ಅಲ್ಲಿ ಹೊಲಿಗೆಯೇ ಬರದಂತೆ ತೋಳನ್ನೂ ಬದಿಯನ್ನೂ ಒಂದೇ ತುಂಡಿನಲ್ಲಿ ಕತ್ತರಿಸಿದೆ. ಬಟ್ಟೆ ತುಂಬ ಹಾಳಾಯಿತು. ಸುಮಂಗಲಕ್ಕ ನೋಡುತ್ತ ನಿಂತಿದ್ದರು, ಬಟ್ಟೆಯ ಮಾತು ಎತ್ತಲಿಲ್ಲ. ಹೊಲಿಗೆಯನ್ನು ತಮ್ಮ ಕಂಕುಳಿಗೇ ಉಜ್ಜಿ ನೋಡಿ ಹೊರಗೆ ಹೋದರು.

ಎರಡನೆಯ ಆನೆಯನ್ನು ನಾನೇ ಒಯ್ದೆ. ತೊಡಿಸಲು ನಮ್ಮನ್ನು ಒಳಗೆ ಬಿಡಲಿಲ್ಲ. ಬಾಗಿಲು ಮುಚ್ಚಿಕೊಂಡು ಒಬ್ಬರೇ ಹಾಕಿಕೊಂಡರು. ವೀಣಾ ಮತ್ತು ನಾನು ಅಡುಗೆಮನೆಯಲ್ಲಿ ನಿಂತಿದ್ದೆವು. ಒತ್ತುಗುಂಡಿಗಳು ಒಂದೊಂದಾಗಿ ಟಿಕ್ ಟಿಕ್ ಎಂದು ಕೂರುವುದು ಕೇಳುತ್ತಿತ್ತು. ಆಮೇಲೆ ಏನೂ ಕೇಳಲಿಲ್ಲ. ವೀಣಾ ನನ್ನ ಕೈ ಹಿಡಿದುಕೊಂಡರು.

ಕೋಣೆಯೊಳಗಿನಿಂದ ಆನೆ ಘೀಳಿಟ್ಟಿತು. ಗಟ್ಟಿಯಾಗಿ ಅಲ್ಲ, ನಡುವೆ ಉಸಿರು ಸಾಲದೆ ಮುರಿದುಹೋಯಿತು, ಆದರೆ ಆನೆಯೇ.

"ಅಕ್ಕಾ, ಎಂತಾತೇ?" ಎಂದು ವೀಣಾ ಓಡಿದರು.

"ಎಂತೂ ಆಜಿಲ್ಲೆ," ಎಂದರು ಲಲಿತಕ್ಕೋರು ಬಾಗಿಲಿಗೆ ಬಂದು. ಬೂದು ಬಣ್ಣದ ಟೊಪ್ಪಿಗೆ ತಲೆಯ ಮೇಲಿತ್ತು, ಕಿವಿಗಳು ಎದೆಯ ಮೇಲೆ. "ಆನೆಗೆ ಹಸಿವಾಜು. ಎಂತಾರೂ ತಿಂಬಲೆ ಕೊಡು."

ನಾವು ಮೂವರೂ ಮೇಜಿಗೆ ಕೂತು ತೆಳ್ಳೇವು, ನಮ್ಮ ಕಡೆಯ ತೆಳು ದೋಸೆ, ತಿಂದೆವು. ಹಾಸಿಗೆ ಬಿಟ್ಟು ಎದ್ದು ಅವರು ತಿಂದದ್ದು ಅದೇ ಮೊದಲು ಎಂದು ವೀಣಾ ಆಮೇಲೆ ಹೇಳಿದರು.

ಆ ಆನೆಯನ್ನು ನೋಡಿದ ಒಬ್ಬ ನರ್ಸ್ ಇನ್ನೊಂದು ಮನೆಗೆ ಹೇಳಿದರು, ಅವರು ಮತ್ತೊಂದು ಮನೆಗೆ. ಕೈ ಮುರಿದವರು, ಲಕ್ವ ಹೊಡೆದವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಹೀಗೆ ಒಬ್ಬೊಬ್ಬರಿಗೂ ಬಟ್ಟೆ ತೆರೆಯುವ ಜಾಗ ಬೇರೆ. ಕೆಲವರಿಗೆ ಪ್ರಾಣಿ ಬೇಡ, ತೆರೆಯುವ ತೋಳು ಮಾತ್ರ ಸಾಕು. ಆಶ್ಚರ್ಯವೆಂದರೆ ಹೆಚ್ಚಿನವರು ಪ್ರಾಣಿಯನ್ನೇ ಕೇಳಿದರು. ನೋವಿನಲ್ಲಿರುವವರನ್ನು ನೋಡಲು ಬಂದವರು ಏನು ಮಾತಾಡಬೇಕೆಂದು ತಿಳಿಯದೆ ಕೂರುತ್ತಾರೆ. ಕಿವಿಯಿದ್ದ ಟೊಪ್ಪಿಗೆ ಕಂಡರೆ ಮಾತಿಗೆ ಒಂದು ದಾರಿಯಾಗುತ್ತದೆ. ಮುಚ್ಚಿಟ್ಟ ಮಿಷನ್‌ಗಳ ಹೊದಿಕೆ ತೆಗೆದೆವು. ಕಂಪನಿಯ ಆರ್ಡರಿನಷ್ಟು ದೊಡ್ಡದಲ್ಲ, ಆದರೆ ನಮ್ಮಲ್ಲಿ ಯಾರ ಕೆಲಸವೂ ಹೋಗಲಿಲ್ಲ. ಬಸಪ್ಪ ಈಗ ಮಲಗಿಕೊಂಡು ಪರೀಕ್ಷೆ ಮಾಡಬೇಕಾಗಿತ್ತು. ಒಮ್ಮೆ ಹಾಗೆಯೇ ಕತ್ತರಿಸುವ ಮೇಜಿನ ಮೇಲೆ ಗೊರಕೆ ಹೊಡೆದರು. "ಇದಕ್ಕಿಂತ ಸರ್ಟಿಫಿಕೇಟು ಬೇಕಾ?" ಎಂದು ಸುಮಂಗಲಕ್ಕ ನನ್ನ ಕಿವಿಯಲ್ಲಿ ಹೇಳಿದರು.

ಲಲಿತಕ್ಕೋರಿಗೆ ಆಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಕೂದಲು ಉದುರಿದಾಗ ಟೊಪ್ಪಿಗೆ ಉಪಯೋಗಕ್ಕೆ ಬಂತು ಎಂದು ಫೋನಿನಲ್ಲಿ ಹೇಳಿದ್ದರು. ಚಿಕಿತ್ಸೆ ಮುಗಿದು, ಕೊನೆಯ ಪರೀಕ್ಷೆಯ ಫಲಿತಾಂಶ ಬರುವ ದಿನ ನಾನು ಕೆಲಸಕ್ಕೆ ಹೋಗಿದ್ದೆನೇ ಹೊರತು ಕತ್ತರಿ ಹಿಡಿಯಲಿಲ್ಲ. ಗಮನ ತಪ್ಪಿದರೆ ಬಟ್ಟೆ ಹಾಳು. ಸುಮ್ಮನೆ ಬಿದ್ದ ಗುಂಡಿಗಳನ್ನು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡುತ್ತ ಕೂತೆ. ಊಟದ ಹೊತ್ತಿಗೆ ಫೋನ್ ಬಂತು. ವೀಣಾ ಅಳುತ್ತಿದ್ದರು. ಆಮೇಲೆ ಅವರ ಕೈಯಿಂದ ಫೋನ್ ಕಿತ್ತುಕೊಂಡ ಲಲಿತಕ್ಕೋರ ದನಿ ಕೇಳಿತು.

"ಹಸೀನಕ್ಕ, ಇವಳು ಖುಷಿಗೆ ಅಳ್ತಾ ಇದ್ದಾಳೆ. ಎಂತದೂ ಇಲ್ಲ ಅಂದ್ರು ಡಾಕ್ಟರು. ಎಂತದೂ ಇಲ್ಲ!"

ನಾನು ಘಟಕದ ಹೊರಗೆ ಬಂದು ರಸ್ತೆಬದಿಯ ಕಟ್ಟೆಯ ಮೇಲೆ ಕೂತೆ. ಒಂದು ಬಸ್ಸು ಹೋಯಿತು, ಮೀನಿನ ಗಾಡಿ ಹೋಯಿತು. ಸುಮಂಗಲಕ್ಕ ಬಂದು ಪಕ್ಕದಲ್ಲಿ ಕೂತರು. ವಿಷಯ ಕೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಇಬ್ಬರಿಗೂ ಚಹಾ ಹೇಳಿದರು.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಲಲಿತಕ್ಕೋರು ಶಿರಸಿಗೆ ಬಂದರು. ಗಿಡ್ಡ ಕೂದಲು ಬೆಳೆದಿತ್ತು. ಕೈಚೀಲದಿಂದ ಒಂದು ಹೊಸ ಕುಪ್ಪಸದ ಬಟ್ಟೆ ತೆಗೆದು ಮೇಜಿನ ಮೇಲೆ ಹಾಸಿದರು. ಪಾಚಿ ಹಸಿರು, ಅಂಚಿಗೆ ಕೆಂಪು.

"ಆನೆ ಸಾಕು, ಹಸೀನಕ್ಕ. ಸೋಮವಾರ ಶಾಲೆ ಶುರು. ಮನುಷ್ಯರ ಬಟ್ಟೆ ಹೊಲ್ದು ಕೊಡಿ."

ನಾನು ಕುಪ್ಪಸ ಹೊಲಿಯದೆ ಎಷ್ಟೋ ಕಾಲವಾಗಿತ್ತು. ಬಲಗಡೆಗೆ ಒಳಗಿನಿಂದ ಮೆತ್ತೆ ಇಡಬೇಕು, ತೋಳಿಗೆ ಸಡಿಲು ಬೇಕು ಎಂದು ಲೆಕ್ಕ ಹಾಕುತ್ತ, ಹಳೆಯ ಕುಪ್ಪಸ ಏನಾದರೂ ತಂದಿದ್ದೀರಾ, ಅದರಿಂದಲೇ ಅಳತೆ ತೆಗೆಯುತ್ತೇನೆ ಎಂದೆ.

"ಹಳೇದು ಬೇಡ," ಎಂದರು. "ಈಗಿನ ಅಳತೆ ತಗಳಿ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನೆದುರು ನಿಂತರು. ನಾನು ಟೇಪು ಬಿಚ್ಚಿದೆ, ಕೈ ಎತ್ತಿ ಎಂದು ಮಾತ್ರ ಹೇಳಲಿಲ್ಲ. ಅವರೇ ಎತ್ತಿದರು. ಎಡಗೈ ಮೊದಲು ಹೋಯಿತು. ಬಲಗೈ ನಿಧಾನವಾಗಿ, ಭುಜದ ಹತ್ತಿರ ಒಮ್ಮೆ ತಡೆದು, ಮತ್ತೆ ಮೇಲೇರಿ ಕಿವಿಯ ಪಕ್ಕಕ್ಕೆ ಬಂದು ನಿಂತಿತು.

"ಬೇಗ ತಗಳಿ ಮಾರಾಯ್ರೆ," ಎಂದರು ನಗುತ್ತ. "ಕೈ ಸೋಲ್ತು."

ನಾನು ಬೇಗ ಬೇಗ ಅವರ ಎದೆಗೆ ಟೇಪು ಸುತ್ತಿದೆ.